ಬಲಕ್ಕೆ ಬಿದ್ದ ಹೂವು

ಸುಭಾಷನ ನೆಮ್ಮದಿ ಕೆಡಿಸಿದ್ದು ಎರಡನೇ ಶನಿವಾರ ಮುಂಜಾನೆ ಬಂದ ಒಂದು ಫೋನು. ಗದಗ-ಬೆಟಗೇರಿಯ ಸಹಕಾರಿ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಅವನದು ಕಾಯಂ ನೌಕರಿ. ಪಗಾರ ಹೇಳಿಕೊಳ್ಳುವಂಥದ್ದಲ್ಲ, ಆದರೆ ತಪ್ಪುವಂಥದ್ದೂ ಅಲ್ಲ. ಫೋನು ಮಾಡಿದ್ದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಹೆಣ್ಣುಮಗಳು.

"ಮನೆಯಿಂದಲೇ ಕೆಲಸ. ಸಂಬಳ ಈಗಿನದರ ಎರಡರಷ್ಟು. ಕಾಂಟ್ರ್ಯಾಕ್ಟ್ ಮಾತ್ರ ಒಂದೇ ವರ್ಷ. ಸಂಜೆ ಐದರೊಳಗೆ ಹೇಳಿ. ನೀವು ಬೇಡ ಅಂದ್ರೆ ನಿಮ್ಮ ಕಡೆಯವರೇ ಇನ್ನೊಬ್ಬರಿದ್ದಾರೆ."

'ಎರಡರಷ್ಟು' ಕೇಳಿ ಹಿಗ್ಗಿದ ಎದೆ 'ಒಂದೇ ವರ್ಷ' ಕೇಳಿ ಧಸಕ್ಕೆಂದಿತು. ಮುಂದಿನ ತಿಂಗಳು ಯಳವತ್ತಿಯ ಉಡಚಪ್ಪನ ಮಗಳು ರೋಜಾಳೊಡನೆ ಅವನ ಮದುವೆ. ಅವಳೂ ಕಂಪ್ಯೂಟರ್ ಓದಿದವಳು, ನೌಕರಿ ಹುಡುಕುತ್ತಿದ್ದಳು. ಅವಳನ್ನು ನೋಡಿ ಬಂದಾಗಿನಿಂದ ಸುಭಾಷನಿಗೆ ಬ್ಯಾಂಕಿನ ಲೆಕ್ಕ ಒಂದೂ ತಾಳೆಯಾಗುತ್ತಿರಲಿಲ್ಲ. ಆದರೆ ಉಡಚಪ್ಪ ಹೆಣ್ಣು ಕೊಡಲು ಒಪ್ಪಿದ್ದು ಹುಡುಗನ ಮೂಗು ನೋಡಿ ಅಲ್ಲ, 'ಕಾಯಂ' ಎಂಬ ಎರಡಕ್ಷರ ಕೇಳಿ.

ಮಗ ಚಹಾದಲ್ಲಿ ಸಕ್ಕರೆ ಹಾಕುವ ಬದಲು ಉಪ್ಪು ಹಾಕಿದ್ದು ಕಂಡು ತಾಯಿ ಮಂಜವ್ವ ಸಂಗತಿ ಬಾಯಿಬಿಡಿಸಿದಳು.

"ಹನುಮಪ್ಪಗ ಹೂ ಕೇಳೋಣು ನಡಿ. ಬಲಕ್ಕ ಕೊಟ್ರ ಹೊಸಾ ನೌಕರಿ, ಎಡಕ್ಕ ಕೊಟ್ರ ಹಳೇದ."

ಗುಡಿಯಲ್ಲಿ ಪೂಜಾರಿ ದತ್ತಾತ್ರಿ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದ. ಹೂವೊಂದು ಜಾರಿ ಬಿತ್ತು.

"ಬಲಕ್ಕ ಕೊಟ್ಟ!" ಮಂಜವ್ವ ಕೈ ಮುಗಿದಳು.

ಪ್ರದಕ್ಷಿಣೆ ಹಾಕುತ್ತಿದ್ದ ಪಕ್ಕದ ಮನೆಯ ಈಶಪ್ಪ ಅಲ್ಲೇ ನಿಂತ. "ಎಲ್ಲಿ ಬಲಾ ಬೇ? ಹನುಮಪ್ಪ ಮಗ್ಗಲಾಗಿ ನಿಂತಾನ. ಅದು ಅವನ ಮುಂದ ಬಿದ್ದೈತಿ."

ಮಂದಿ ಕೂಡಿತು, ನೌಕರಿಯ ಸಂಗತಿ ಎಲ್ಲರ ಬಾಯಿಗೆ ಬಿತ್ತು. ಕೆಲವರು ಬಲ ಎಂದರು, ಕೆಲವರು ಎಡ ಎಂದರು, ಒಬ್ಬ ಮಹಾನುಭಾವ ಹೂವಿನ ಫೋಟೊ ತೆಗೆದುಕೊಂಡ. ಸುಭಾಷ ಅಳುಮುಖ ಮಾಡಿ ಪೂಜಾರಿಯನ್ನು ನೋಡಿದ.

"ಹಿಂಗ ಬಿದ್ರ ನಮ್ಮಪ್ಪ ಬಲಾ ಅಂತಿದ್ದ, ನಮ್ಮ ಕಾಕಾ ಎಡಾ ಅಂತಿದ್ದ," ಎಂದ ದತ್ತಾತ್ರಿ. "ನೀವ ನೋಡ್ರಿ."

ನೋಡುವ ಕೆಲಸವನ್ನು ಈಶಪ್ಪ ತಾನೇ ವಹಿಸಿಕೊಂಡ. ಇವರು ಮನೆ ಮುಟ್ಟುವುದರೊಳಗೆ ಅವನ ಫೋನು ಯಳವತ್ತಿ ಮುಟ್ಟಿತ್ತು. ಮೂರರ ಸುಮಾರಿಗೆ ಉಡಚಪ್ಪ ಬಸ್ಸಿಳಿದು ಬಂದವನೇ ಕುರ್ಚಿ ಎಳೆದುಕೊಂಡು ಕೂತ. ಹಿಂದೆಯೇ ಈಶಪ್ಪನೂ ಬಂದ.

"ಕಾಯಂ ನೌಕರಿ ಬಿಡಾಕ ಹೊಂಟೀಯಂತಲ್ಲೋ ತಮ್ಮಾ? ಇವತ್ತೈತಿ ನಾಳಿಗಿಲ್ಲ ಅನ್ನೋ ನೌಕರಿ ನಂಬಿ ಮಗಳನ್ನ ಹೆಂಗ ಕೊಡ್ಲಿ?"

"ಮತ್ತ! ನಾನೂ ಅದನ್ನ ಅಂದೆ," ಎಂದ ಈಶಪ್ಪ.

ಸುಭಾಷನಿಗೆ ಒಂದು ಕಣ್ಣಲ್ಲಿ ಎರಡರಷ್ಟು ಪಗಾರ, ಇನ್ನೊಂದರಲ್ಲಿ ರೋಜಾ ಕಂಡಳು. ಐದಕ್ಕೆ ಸ್ವಲ್ಪ ಮೊದಲು, ಎಲ್ಲರೆದುರಿಗೇ ಕಂಪನಿಗೆ ಫೋನು ಮಾಡಿ ಒಲ್ಲೆನೆಂದ. ಪಗಾರ ಹೋದರೂ ಹೆಣ್ಣು ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡ.

ಮಂಜವ್ವ ಮಂಡಕ್ಕಿ, ಮಿರ್ಚಿ ತಂದಿಟ್ಟಳು. ಉಡಚಪ್ಪ ಎರಡನೇ ಮಿರ್ಚಿಗೆ ಕೈ ಹಾಕಿದಾಗ ಅವನ ಫೋನು ಹೊಡೆದುಕೊಂಡಿತು.

"ಏನಂದಿ ರೋಜಾ? ನೌಕರಿ ಸಿಕ್ತಾ? ಮನ್ಯಾಗ ಕುಂತ ಮಾಡೋದಾ? ಎಷ್ಟು?" ಅವನ ದನಿ ಏರುತ್ತ ಹೋಯಿತು. "ಈಗಿಂದೀಗ ಖಾಲಿ ಆತಾ? ಯಾರೋ ಗದಗಿನಾಂವ ಒಲ್ಲೆ ಅಂದ್ನಂತಾ? ಎಂಥಾ ಹುಚ್ಚ ಇದ್ದಾನವಾ ಅಂವಾ!"

ಸುಭಾಷನ ಬಾಯೊಳಗಿನ ಮಿರ್ಚಿ ಅಲ್ಲೇ ನಿಂತಿತು.

ಉಡಚಪ್ಪ ಫೋನು ಕಿಸೆಗಿಟ್ಟು ಮೀಸೆ ಒರೆಸಿಕೊಂಡ. "ನಮ್ಮ ಹುಡುಗಿ ಪಗಾರ ನಿನ್ನದರ ಎರಡರಷ್ಟಾತು, ತಮ್ಮಾ."

"ಅದೂ ಒಂದ ವರ್ಷದ್ದಲ್ಲೇನ್ರೀ ಮಾವಾರ?"

"ವರ್ಷ ಅಂದ್ರ ಕಡಿಮಿ ಏನು? ಆದ್ರ ಗಂಡನ ಪಗಾರ ಹೆಂಡತೀದರ ಅರ್ಧ ಅಂದ್ರ ನಾಲ್ಕು ಮಂದಿ ಏನಂತಾರ?"

"ಮತ್ತ! ನಾನೂ ಅದನ್ನ ಅನ್ನಾಂವಿದ್ದೆ," ಎಂದ ಈಶಪ್ಪ.

"ನಾ ಬಲಕ್ಕ ಅಂದಿದ್ದೆ," ಎಂದು ಮಂಜವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾ ಕಾಯಂ ಅದೀನ್ರೀ ಮಾವಾರ!" ಸುಭಾಷನ ದನಿ ಅಳುವಿಗೆ ಬಂದಿತ್ತು.

ಉಡಚಪ್ಪ ಉಳಿದ ಮಿರ್ಚಿ ಕೈಯಲ್ಲಿ ಹಿಡಿದು ಎದ್ದ. "ನೌಕರಿ ಕಾಯಂ ಇರ್ಲಿ, ತಮ್ಮಾ. ಸಂಬಂಧ ಮಾತ್ರ ಒಂದ ವರ್ಷ ಕಾಂಟ್ರ್ಯಾಕ್ಟ್ ಮ್ಯಾಲಿರ್ಲಿ. ಅಷ್ಟರಾಗ ನಿನ್ನ ಪಗಾರ ಏರಿದ್ರ ಮುಂದಿಂದು ನೋಡೋಣು."