ಹುರುಳಿ ಒಕ್ಕಿದ ಸ್ಪೋರ್ಟ್ಸ್ ಕಾರು

ನಾಚಿಕೆ ಅನ್ನುವುದು ಎರಡು ದಿನದಲ್ಲಿ ಇಳಿದುಹೋಗುವ ಜ್ವರ. ಮದುವೆಮನೆಯಲ್ಲಿ ಪಂಚೆ ಕಳಚಿಕೊಂಡವನೂ ಮೂರನೇ ದಿನ ಅದೇ ಪಂಚೆ ಉಟ್ಟುಕೊಂಡು ಟೀ ಅಂಗಡಿಗೆ ಬರುತ್ತಾನೆ. ನನ್ನ ನಾಚಿಕೆ ಮಾತ್ರ ಹಾಗಲ್ಲ. ಅಕ್ಕನ ಮನೆಗೆ ಹೋದಾಗಲೆಲ್ಲ ಅದು ಬಿಸಿಬಿಸಿಯಾಗಿ, ಮುದ್ದೆಯ ಜೊತೆ, ನನ್ನ ತಟ್ಟೆಗೇ ಬಂದು ಬೀಳುತ್ತದೆ.

ಎಲ್ಲಕ್ಕೂ ಕಾರಣ ನನ್ನ ಕಾರು. ನನಗಿಂತ ಐದು ವರ್ಷ ದೊಡ್ಡದು. ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. ಎಷ್ಟು ಕುಳ್ಳು ಅಂದರೆ, ಒಳಗೆ ಕೂತರೆ ಪಕ್ಕದಲ್ಲಿ ಹೋಗುವ ಎಮ್ಮೆಯ ಮೊಣಕಾಲು ಮಾತ್ರ ಕಾಣುತ್ತದೆ. ಒಂದು ದಿನ ನಮ್ಮ ಕ್ಯಾತನಹಳ್ಳಿ ಹತ್ತಿರದ ಏರಿನಲ್ಲಿ, ಕಬ್ಬು ತುಂಬಿದ ಟ್ರಾಕ್ಟರೊಂದು ಅದನ್ನು ಹಿಂದೆ ಹಾಕಿತು. ಹಿಂದೆ ಹಾಕಿದ್ದರೆ ಸಹಿಸಬಹುದಿತ್ತು. ಲೋಡಿನ ಮೇಲೆ ಕೂತಿದ್ದವನು ಒಂದು ಜಲ್ಲೆ ಕಿತ್ತು ನನ್ನ ಕಡೆ ಎಸೆದು, "ತಿನ್ಕಂಡು ನಿಧಾನಕ್ಕೆ ಬಾ ಕಣ್ಲಾ" ಅಂದ. ಮಾರನೇ ದಿನವೇ ನಾನು ಶ್ರೀರಂಗಪಟ್ಟಣದ ಜಬ್ಬಾರ್ ಭಾಯಿಯ ಗ್ಯಾರೇಜಿನಲ್ಲಿದ್ದೆ. ಕಬ್ಬು ಸಿಹಿಯಾಗಿತ್ತು, ಅದು ಬೇರೆ ವಿಷಯ.

ಭಾಯಿ ಇಂಜಿನ್ ಬಿಚ್ಚಿ, ಬೋರ್ ಕೊರೆಸಿ, ದೊಡ್ಡ ಪಿಸ್ಟನ್ ಕೂರಿಸಿ, ಇನ್ನೊಂದು ಕಾರ್ಬೊರೇಟರ್ ಹಾಕಿದರು. ದಪ್ಪ ಸೈಲೆನ್ಸರ್ ಪೈಪು ನನ್ನ ಆಸೆ. ಅದಕ್ಕೆ ಜಾಗ ಸಾಲದೆಂದು ಬಿಸಿ ತಡೆಯುವ ತಗಡನ್ನು ತೆಗೆಸಿದ್ದೂ ನಾನೇ. "ಬೇಡ ತಮ್ಮಾ, ಪೈಪು ಕೆಂಡ ಆಯ್ತದೆ. ಕೆಳ್ಗೆ ನೋಡ್ಕೊಂಡು ಓಡ್ಸು" ಅಂದರು. "ಈ ಸ್ಪೀಡಲ್ಲಿ ಕೆಳಗೆ ಯಾರು ಭಾಯ್ ನೋಡ್ತಾರೆ?" ಅಂದೆ. ಅವರು "ಯಾ ಅಲ್ಲಾ" ಎಂದು ಕೈ ಒರೆಸಿಕೊಂಡರು.

ಹೊಸ ಪವರನ್ನು ತೋರಿಸಲು ದಿನವೂ ಕೂಡಿಬಂತು. ನಾಗಮಂಗಲದಲ್ಲಿರುವ ಅಕ್ಕನ ಮಗಳಿಗೆ ಕಿವಿ ಚುಚ್ಚಿಸುವ ಶಾಸ್ತ್ರ. ನಮ್ಮಲ್ಲಿ ಮಗುವನ್ನು ಸೋದರಮಾವನ ತೊಡೆಯ ಮೇಲೇ ಕೂರಿಸಬೇಕು. ಅಕ್ಕನಿಗಿರುವುದು ನಾನೊಬ್ಬನೇ ತಮ್ಮ. ಮಗುವಿಗೆ ಈ ಎರಡೇ ತೊಡೆ. "ರಾವುಕಾಲ ಬರೋದ್ರೊಳ್ಗೆ ಮುಗಿಬೇಕಂತೆ. ನನ್ ಜೊತೆ ಬಸ್ಸಲ್ಲೇ ಬಾ ಲಾ" ಅಂದಳು ಅವ್ವ. "ನೀನ್ ಮುಂದೆ ಹೋಗವ್ವ. ಅಕ್ಕ ನಿಂಗ್ ಕೊಟ್ಟ ಟೀ ಆರೋದ್ರೊಳ್ಗೆ ನಾನಲ್ಲಿರ್ತೀನಿ" ಎಂದು ಅವಳನ್ನು ಬಸ್ಸು ಹತ್ತಿಸಿ, ಕಾರು ತೊಳೆದು, ಒರೆಸಿ, ಎರಡು ಗಂಟೆ ತಡವಾಗಿ ಹೊರಟೆ.

ನಾಗಮಂಗಲ ಇನ್ನು ನಾಲ್ಕು ಮೈಲಿ ಇರುವಾಗ ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಕಣ ಮಾಡುವ ಕಷ್ಟ ಯಾಕೆಂದು ನಮ್ಮ ಕಡೆ ಬೆಳೆಯನ್ನು ಡಾಂಬರಿನ ಮೇಲೆ ಹಾಸುತ್ತಾರೆ. ಹೋಗಿಬರುವ ಬಸ್ಸು ಲಾರಿಗಳು ಪುಕ್ಕಟೆ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಕುಳ್ಳು ಕಾರಿನವನಿಗೆ ಬುದ್ಧಿಯಿದ್ದರೆ ಪಕ್ಕದ ಮಣ್ಣಿಗೆ ಇಳಿಸುತ್ತಾನೆ. ಬೆಳೆಯ ಯಜಮಾನ, ಒಬ್ಬ ತಾತ, ಪಕ್ಕಕ್ಕೆ ಹೋಗು ಎಂದು ಟವಲು ಬೀಸಿದ. ನಾನು ಅದನ್ನು ರೇಸಿನ ಬಾವುಟ ಅಂದುಕೊಂಡೆ.

ಕಾರು ಹುರುಳಿಯ ಮೇಲೆ ಹತ್ತಿ, ಹೊಟ್ಟೆ ಊರಿ ಕೂತಿತು. ಆಕ್ಸಿಲರೇಟರ್ ತುಳಿದೆ. ಚಕ್ರಗಳು ನಿಂತಲ್ಲೇ ತಿರುಗಿ ಹುರುಳಿಯನ್ನು ಮಗುಚಿದ್ದೇ ಮಗುಚಿದ್ದು. ಭಾಯಿ ಕೊಟ್ಟ ಪವರಷ್ಟೂ ಕಾಯಿ ಒಡೆಯುವುದಕ್ಕೆ ಹೋಯಿತು. ಬಳ್ಳಿಯೆಲ್ಲ ಸೈಲೆನ್ಸರಿಗೆ ಸುತ್ತಿಕೊಂಡು, ಸ್ವಲ್ಪ ಹೊತ್ತಿಗೆ ಹುರುಳಿ ಹುರಿದ ಘಮ ಬಂತು. ನನಗೆ ಹಸಿವಾಯಿತು. ಆಮೇಲೆ ಹೊಗೆ ಬಂತು.

"ಇಳಿಲಾ ಕೆಳಕ್ಕೆ! ಬೆಂಕಿ ಕಣ್ಲಾ!" ತಾತ ನನ್ನ ರಟ್ಟೆ ಹಿಡಿದು ಎಳೆದುಹಾಕಿದ. ಒಂದು ಚಪ್ಪಲಿ ಒಳಗೇ, ಎಲ್ಲೋ ಸೀಟಿನಡಿ, ಉಳಿಯಿತು. ಅವನ ಸೊಸೆ ಕುಡಿಯಲು ತಂದಿದ್ದ ಕೊಡದ ನೀರನ್ನೆಲ್ಲ ಸುರಿದಳು. ತಾತ ಗೋಣಿಚೀಲದಲ್ಲಿ ಬಡಿದ. ಬೆಂಕಿ ಆರಿತು. ಕಾರು ಸತ್ತಿತ್ತು. ಅವರ ಹುರುಳಿ ಎರಡು ಹೊರೆಯಷ್ಟು ಕರಿಕಾಗಿತ್ತು. ತಪ್ಪಾಯ್ತು ಅನ್ನಬೇಕಿತ್ತು. ನನ್ನ ಬಾಯಲ್ಲಿ ಬಂದದ್ದು, "ತಾತ, ರಾಹುಕಾಲದೊಳಗೆ ಕಿವಿ ಚುಚ್ಬೇಕು."

"ಯಾರ್ಗೆ, ನಿಂಗಾ?" ಅಂದ.

ವಿಷಯ ತಿಳಿದ ಮೇಲೆ ತನ್ನ ಟ್ರಾಕ್ಟರಿಗೆ ಕಾರನ್ನು ಹಗ್ಗದಲ್ಲಿ ಕಟ್ಟಿ, ನನ್ನನ್ನು ಸ್ಟಿಯರಿಂಗ್ ಹಿಡಿಯಲು ಒಳಗೆ ಕೂರಿಸಿ, ಎಳೆದುಕೊಂಡು ಹೊರಟ. ಯಾರಾದರೂ ನೋಡಿಯಾರೆಂದು ಅಕ್ಕನ ಬೀದಿಯ ಮೂಲೆಯಲ್ಲೇ ಇಳಿದು, ಒಂದೇ ಚಪ್ಪಲಿಯಲ್ಲಿ ಓಡಿದೆ. ಕಿವಿ ಚುಚ್ಚುವ ಆಚಾರಿ ಗಡಿಯಾರ ನೋಡುತ್ತಿದ್ದರು. "ಎಲ್ಲಿ ಹಾಳಾಗೋಗಿದ್ದೆ?" ಎಂದು ಅಕ್ಕ ಅಳುವ ದನಿಯಲ್ಲಿ ಕೇಳಿದಾಗ, ನನ್ನ ನಾಲಿಗೆ ಕಾರಿಗಿಂತ ಜೋರಾಗಿ ಓಡಿತು: "ದಾರೀಲಿ ಪಾಪ ಒಬ್ಬ ತಾತ ಒಕ್ಕಣೆಗೆ ಆಳಿಲ್ದೆ ಕೂತಿದ್ದ ಅಕ್ಕ. ಒಸಿ ಮಾಡ್ಕೊಟ್ಟು ಬಂದೆ." ಅಕ್ಕನ ಕಣ್ಣಲ್ಲಿ ನೀರು ಬಂತು. ಮಗು ನನ್ನ ತೊಡೆಯ ಮೇಲೆ ಕೂತು, ನನ್ನ ತಲೆಗೂದಲಿಗೆ ಸಿಕ್ಕಿಕೊಂಡಿದ್ದ ಹುರುಳಿಕಾಯಿ ಕೀಳುತ್ತಿರುವಾಗಲೇ ಎರಡು ಕಿವಿಯೂ ಆಯಿತು.

ಆಗ ಬಾಗಿಲಲ್ಲಿ ತಾತ ನಿಂತಿದ್ದ. ಕೈಯಲ್ಲಿ ನನ್ನ ಇನ್ನೊಂದು ಚಪ್ಪಲಿ. ಅಕ್ಕ ಸಡಗರದಿಂದ ಒಳಗೆ ಕರೆದು, "ನಮ್ ತಮ್ಮ ನಿಮ್ಗೆ ಒಕ್ಕಣೆ ಮಾಡ್ಕೊಟ್ನಂತಲ್ಲ ತಾತ?" ಅಂದಳು. ತಾತ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಆ ದಿನ ನಾನು ಕೆಳಗೆ ನೋಡಿದ್ದು ಅದೇ ಮೊದಲು.

"ಊ ಕಣವ್ವ," ಅಂದ ತಾತ. "ಇಂತಾ ಕೆಲ್ಸಗಾರನ್ನ ನಾ ಕಂಡೇ ಇಲ್ಲ."

ಬೈದಿದ್ದರೆ ಆವತ್ತಿಗೇ ಮುಗಿಯುತ್ತಿತ್ತು. ವಾರ ಕಳೆದ ಮೇಲೆ ಅವನು ಅಕ್ಕನ ಮನೆಗೆ ಒಂದು ಚೀಲ ಹುರುಳಿಯನ್ನೂ ಕಳಿಸಿದ. ಅಂದಿನಿಂದ ನಾನು ಹೋದಾಗಲೆಲ್ಲ ಹುರುಳಿ ಸಾರು. "ನೀನೇ ಒಕ್ಕಿದ್ದು, ಇನ್ನೊಸಿ ಉಯ್ಕೊ" ಎಂದು ಅಕ್ಕ ಬಡಿಸುತ್ತಾಳೆ.

ಸುಳ್ಳನ್ನಾದರೂ ನಿಜ ಮಾಡೋಣವೆಂದು, ಮುಂದಿನ ಸುಗ್ಗಿಯಲ್ಲಿ ಬಸ್ಸು ಹತ್ತಿ ತಾತನ ಹತ್ತಿರ ಹೋದೆ. ಅವನು ನನ್ನ ಹಿಂದೆ ಮುಂದೆ ನೋಡಿ, "ಕಾರು ತಂದಿಲ್ಲ ತಾನೆ? ಅಂಗಾದ್ರೆ ಬಾ" ಅಂದು ಕೈಗೆ ಕೋಲು ಕೊಟ್ಟ. ಮಧ್ಯಾಹ್ನದವರೆಗೂ ಬಡಿದೆ. ಎರಡೂ ಕೈಯಲ್ಲಿ ಬೊಬ್ಬೆ ಬಂತು. ಸೊಸೆ ಮೊರದಲ್ಲಿ ತೂರಿ, ಉದುರಿದ ಕಾಳನ್ನು ನೋಡಿ, ನನ್ನನ್ನೂ ಒಮ್ಮೆ ನೋಡಿ, ಮೆಲ್ಲಗೆ ಹೇಳಿದಳು: "ಇವ್ರಿಗಿಂತ ಆ ಕಾರೇ ವಾಸಿಯಾಗಿತ್ತು ಮಾವ."