ಎರಡು ಅತ್ತರು, ಒಂದು ಬುಟ್ಟಿ ಬಂಗಡೆ

ವಾಸನೆಯ ವಿಷಯದಲ್ಲಿ ನನಗೆ ಟೋಪಿ ಹಾಕುವವರು ಭಟ್ಕಳದಲ್ಲಿ ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ. ಮದುವೆಯಾಗಿ ಬಂದಂದಿನಿಂದ ಮೀನು ಮಾರುತ್ತಿರುವವಳು ನಾನು. ಕಿವಿರು ಎತ್ತುವ ಮೊದಲೇ ಬಂಗಡೆಯ ಜಾತಕ ಹೇಳಬಲ್ಲೆ!

ಅಂದು ಸಂಜೆ ಕುಮಟೆಯಲ್ಲಿ ಅಣ್ಣನ ಮಗಳ ಆರತಕ್ಷತೆ. ನಿಶ್ಚಿತಾರ್ಥದ ದಿನ ಅತ್ತಿಗೆ ನನ್ನ ಪಕ್ಕದಿಂದ ಎದ್ದು ದೂರ ಹೋಗಿ ಕೂತಿದ್ದಳು. ಸೆಕೆ ಎಂದಳು. ಮೂಗು ಮುಚ್ಚಿದರೆ ಸೆಕೆ ಕಡಿಮೆಯಾಗುತ್ತದೆಯೇ? ಈ ಸಲ ಅವಳೇ ಹುಡುಕಿಕೊಂಡು ಬಂದು ಪಕ್ಕ ಕೂರಬೇಕೆಂದು, ಬೆಳಿಗ್ಗೆ ಮೀನು ಮಾರ್ಕೆಟ್ಟಿಗೆ ಹೋಗುವಾಗ ಅತ್ತರಿನ ಅಂಗಡಿಗೆ ನುಗ್ಗಿದೆ.

ಅಂಗಡಿಯ ಭಾಯ್ ಎರಡು ಪುಟ್ಟ ಬಾಟಲಿ ಇಟ್ಟ. ಒಂದು ಗಂಧ, ಒಂದು ಊದ್, ಅಂದರೆ ಅಗರು. ಎರಡೂ ಮರದ್ದೇ. ಮೂಸಿದರೆ ಚಳಿಗೆ ಒಲೆ ಮುಂದೆ ಕೂತಷ್ಟು ಹಿತ. ನನಗೆ ಸಂಶಯ ಬಂತು.

"ಎರಡೂ ಒಂದೇ ಡಬ್ಬಿದು ಅಲ್ವಾ ಭಾಯ್?"

"ಎಂತ ಮಾತು ಅಕ್ಕ! ಒಂದೊಂದು ಕೈಗೆ ಒಂದೊಂದು ಹಚ್ಚಿ ನೋಡಿ. ಮಧ್ಯಾಹ್ನಕ್ಕೆ ಅಸಲಿ ವಾಸನೆ ಗೊತ್ತಾಗ್ತದೆ."

ಅವನು ಹಚ್ಚಿದ್ದು ಒಂದೊಂದೇ ಹನಿ. ಹನಿಯಲ್ಲಿ ಸತ್ಯ ಸಿಗುತ್ತದೆಯೇ? ಗದರಿಸಿ ಮೊಣಕೈವರೆಗೂ ಹಚ್ಚಿಸಿಕೊಂಡೆ!

ಮಾರ್ಕೆಟ್ಟಿನಲ್ಲಿ ಮೊದಲು ಬಂದವರು ನನ್ನ ಕಾಯಂ ಗಿರಾಕಿ, ರಿಟೈರಾದ ಮಾಸ್ತರರು. ಬಂಗಡೆ ಎತ್ತಿ ಮೂಸಿದರು. ಮತ್ತೆ ಮೂಸಿದರು. ನನ್ನ ಮುಖ ನೋಡಿದರು.

"ಎಂತ ಇದು? ಮೀನಿಗೆ ಸೆಂಟು ಹೊಡ್ದಿದ್ಯಾ?"

"ಅಯ್ಯೋ, ಕೈಗೆ ಹಚ್ಚಿದ್ದು ಮಾಸ್ತರೇ!"

"ಮೀನು ತಾಜಾ ಇದ್ರೆ ಕೈಗೆ ಎಂತಕ್ಕೆ ಹಚ್ಚೂದು?"

ಅವರು ಪಕ್ಕದ ಸುಶೀಲಕ್ಕನ ಬುಟ್ಟಿಗೆ ಹೋದರು. ಉಳಿದ ಗಿರಾಕಿಗಳೂ ಅವರ ಹಿಂದೆಯೇ ಹೋದರು. "ಪಾಪ, ಮೊದಲೆಲ್ಲ ಬರೀ ಐಸ್ ಹಾಕ್ತಿದ್ಲು," ಎಂದು ಸುಶೀಲಕ್ಕ ಊರಿಗೆಲ್ಲ ಕೇಳುವಂತೆ ಮರುಗಿದಳು. ಅವಳ ಬಾಯಿಗೆ ಮಣ್ಣು ಬೀಳ!

ಸಾಬೂನು ಹಾಕಿ ತೊಳೆದೆ, ಹುಣಸೆಹಣ್ಣು ತಿಕ್ಕಿದೆ, ತೆಂಗಿನ ನಾರಿನಲ್ಲಿ ಚರ್ಮ ಕೆಂಪಾಗುವಷ್ಟು ಉಜ್ಜಿದೆ. ವಾಸನೆ ಜಗ್ಗಲಿಲ್ಲ. ಭಾಯ್ ಮೇಲಿದ್ದ ಸಂಶಯ ಪೂರ್ತಿ ಪರಿಹಾರವಾಯಿತು: ಮಾಲು ಅಸಲಿ! ಐಸ್ ಮಾತ್ರ ಕರಗುತ್ತಿತ್ತು. ಬುಟ್ಟಿ ಖಾಲಿಯಾಗದೆ ಕುಮಟೆಯ ಬಸ್ಸು ಹತ್ತುವಂತಿರಲಿಲ್ಲ.

ಬೇರೆ ದಾರಿ ಕಾಣಲಿಲ್ಲ. ಬಂಗಡೆಯೊಂದನ್ನು ಸೀಳಿ, ಅದರ ಕರುಳನ್ನು ಮದುಮಗಳಿಗೆ ಅರಿಶಿನ ಹಚ್ಚಿದಂತೆ ನನ್ನ ಎರಡೂ ಕೈಗೆ ಹಚ್ಚಿಕೊಂಡೆ.

"ಮಾಸ್ತರೇ, ಈಗ ಮೂಸಿ!"

ಸುಶೀಲಕ್ಕನ ಹತ್ತಿರ ಇನ್ನೂ ಚೌಕಾಸಿ ಮಾಡುತ್ತಿದ್ದ ಮಾಸ್ತರರು ಹೆದರುತ್ತಲೇ ಬಂದು ಬಗ್ಗಿದರು. ಮೂಸಿದರು. ಮುಖ ಅರಳಿತು. "ಹಾಂ, ಈಗ ಆತು! ಈಗ ನೀನು ಹೌದು."

ಬುಟ್ಟಿ ಖಾಲಿಯಾಯಿತು. ಅತ್ತರಿನ ಅಂಗಡಿಗೆ ಓಡಿದೆ. ಭಾಯ್ ನನ್ನನ್ನು ಕಂಡು ಯಾಕೋ ಎರಡು ಹೆಜ್ಜೆ ಹಿಂದೆ ಸರಿದ.

"ಯಾವುದು ಕೊಡ್ಲಿ ಅಕ್ಕ?"

ಎಡಗೈ ಮೂಸಿದೆ. ಬಲಗೈ ಮೂಸಿದೆ. ಎರಡೂ ಬಂಗಡೆ!

ಯಾವ ಅತ್ತರನ್ನೂ ಕೊಳ್ಳದೆ, ಸಂಜೆ ರೇಷ್ಮೆ ಸೀರೆ ಉಟ್ಟು, ಆ ಬಂಗಡೆಯ ವಾಸನೆಯಲ್ಲೇ ಆರತಕ್ಷತೆಗೆ ಹೋದೆ.