ಗುರುಲಿಂಗಮ್ಮನವರ ಗಂಟು, ನನ್ನ ಆನೆ

ಮಸ್ಕಿಯ ಶಾಲೆಗೆ ಹಂಗಾಮಿ ಮಾಸ್ತರನಾಗಿ ಬಂದ ಮೊದಲ ದಿನ, ನಾನು ಒಳಗೆ ಕಾಲಿಟ್ಟ ಕೂಡಲೇ ಮಕ್ಕಳೆಲ್ಲ ದಡಬಡ ಎದ್ದು ನಿಂತರು. ನನ್ನ ಬೆನ್ನ ಹಿಂದೆ ಯಾರೋ ದೊಡ್ಡ ಅಧಿಕಾರಿ ಬಂದಿರಬೇಕೆಂದು ತಿಳಿದು ನಾನೂ ಹಿಂದಕ್ಕೆ ತಿರುಗಿ, ಕೈಮುಗಿದು ನಿಂತೆ. ಹಿಂದೆ ಇದ್ದದ್ದು ಬಾಗಿಲು. ಬಾಗಿಲಾಚೆ ಒಂದು ಕತ್ತೆ. ಮಕ್ಕಳೂ ಕೂರಲಿಲ್ಲ, ನಾನೂ ಕೈ ಇಳಿಸಲಿಲ್ಲ. ಕೊನೆಗೆ ಕತ್ತೆಗೇ ಸಂಕೋಚವಾಗಿ ಹೊರಟುಹೋಯಿತು.

ಇಂಥವನ ಕೈಗೆ ೧೯೫೪ರಲ್ಲಿ ಇಲಾಖೆಯ ಸುತ್ತೋಲೆಯೊಂದು ಬಂತು. ಮನೆಗಳಲ್ಲಿ ಉಪಯೋಗವಿಲ್ಲದೆ ಬಿದ್ದಿರುವ ಸಾಮಾನುಗಳಿಂದ ಮಕ್ಕಳ ಕೈಯಲ್ಲಿ ಕರಕುಶಲ ವಸ್ತುಗಳನ್ನು ಮಾಡಿಸಿ ಇನ್‌ಸ್ಪೆಕ್ಟರರಿಗೆ ತೋರಿಸತಕ್ಕದ್ದು. ಅವರು ಮೆಚ್ಚಿದರೆ ನಾನು ಕಾಯಂ. ಮೆಚ್ಚದಿದ್ದರೆ ಲಿಂಗಸುಗೂರಿನಲ್ಲಿ ಅಪ್ಪನ ಬೆಲ್ಲದ ಅಂಗಡಿ, ಬೆಲ್ಲದ ಜೊತೆಗೆ ಅಪ್ಪನ ಬೈಗುಳ.

ಮಸ್ಕಿಯಲ್ಲಿ ಉಪಯೋಗವಿಲ್ಲದ ಸಾಮಾನೇ ಇಲ್ಲವೆಂಬುದು ನನಗೆ ಆಮೇಲೆ ತಿಳಿಯಿತು. ಹರಿದ ಸೀರೆ ಕೌದಿಗೆ ಹೋಗುತ್ತದೆ, ಹರಿದ ಕೌದಿ ಎತ್ತಿನ ಮೈಮೇಲೆ ಹೋಗುತ್ತದೆ. ರದ್ದಿ ಕಾಗದವನ್ನು ಮೆಂತ್ಯೆಯ ಜೊತೆ ನೆನೆಹಾಕಿ ಅರೆದು ಹೆಂಗಸರು ಬುಟ್ಟಿ ಮಾಡುತ್ತಾರೆ. ಒಬ್ಬ ಹುಡುಗ ಎರಡು ದಿನ ಹುಡುಕಿ, ಏನೂ ಸಿಗದೆ, ತನ್ನ ಮುದುಕ ಮುತ್ಯಾನನ್ನೇ ಕೈಹಿಡಿದು ಕರೆತಂದ. ಮೂರನೆಯ ತರಗತಿಯ ಶೇಖರಮ್ಮ ಮಾತ್ರ ದೊಡ್ಡದೊಂದು ಬಟ್ಟೆಯ ಗಂಟು ತಂದಳು. ಆ ಬಟ್ಟೆಗಳನ್ನು ಸುತ್ತಿ ಕಟ್ಟಿ, ಮೇಲೆ ಅರೆದ ಕಾಗದ ಮೆತ್ತಿ, ಮಕ್ಕಳೂ ನಾನೂ ಆಡಿನಷ್ಟು ಎತ್ತರದ ಒಂದು ಆನೆ ಮಾಡಿದೆವು.

ಇನ್‌ಸ್ಪೆಕ್ಟರರು ಬರುವ ದಿನ ಬಂತು. ಅವರಿಗಿಂತ ಮೊದಲು ಶೇಖರಮ್ಮನ ಅಜ್ಜಿ ಗುರುಲಿಂಗಮ್ಮ ಬಂದರು. ಅವರ ಮನೆ ಶಾಲೆಯ ಗೋಡೆಗೆ ಅಂಟಿಕೊಂಡೇ ಇದೆ.

ಗುರುಲಿಂಗಮ್ಮ: ಎಲ್ಲೈತ್ರೀ ಗಂಟು?

ನಾನು: ಯಾವ ಗಂಟ್ರೀ ಅಮ್ಮಾ?

ಗುರುಲಿಂಗಮ್ಮ: ಒಗದು, ಒಣಗಿಸಿ, ಬೇವಿನ ತಪ್ಪಲ ಹಾಕಿ ಕಟ್ಟಿ ನಾಗೊಂದಿಗಿ ಹಲಗಿ ಮ್ಯಾಲ ಇಟ್ಟಿದ್ದೆ. ಅರಿವಿ ಗಂಟು.

ನಾನು: ಓ, ಅದಾ! ಅದು ಈಗ ಗಂಟಾಗಿ ಉಳಿದಿಲ್ರೀ. ಭಾಳ ದೊಡ್ಡದಾಗೈತಿ. ನೋಡ್ರಿಲ್ಲಿ.

ಗುರುಲಿಂಗಮ್ಮ: ಏನಿದು, ಹಂದೀನಾ?

ನಾನು: ಆನಿ ರೀ.

ಗುರುಲಿಂಗಮ್ಮ: ಸೊಂಡಿಲ ಎಲ್ಲೈತಿ?

ನಾನು: ನೀವು ಹಿಡದಿರೋದ ಸೊಂಡಿಲ. ಆ ಕಡಿಂದು ಬಾಲ.

ಗುರುಲಿಂಗಮ್ಮ: ಯಾವುದರ ಇರ್ಲಿ. ಬಿಚ್ಚಿ ಕೊಡ್ರಿ.

ನಾನು: ಬಿಚ್ಚೋದಾ? ಅಮ್ಮಾ, ಇವತ್ತ ಸಾಹೇಬ್ರು ನೋಡಾಕ ಬರ್ತಾರ. ಅವರು ಹೋದಮ್ಯಾಲ ಸಂಜೀಕ ನಾನ ಹೊತ್ತು ತಂದು ಮುಟ್ಟಸ್ತೀನಿ.

ಗುರುಲಿಂಗಮ್ಮ: ಸಂಜೀತನಕ ತಡಕೋ ಅಂತ ನೀವ ಬಂದು ನನ್ನ ಮಗಳಿಗೆ ಹೇಳ್ರಿ. ಜವಳಗೇರಾದಿಂದ ಹಡ್ಯಾಕ ಬಂದಾಳ ನಮ್ಮ ಕಸ್ತೂರಿ. ಮುಂಜಾನಿಂದ ಬ್ಯಾನಿ ತಿನ್ನಾಕತ್ತಾಳ.

ಗೋಡೆಯಾಚೆಯಿಂದ ಸೂಲಗಿತ್ತಿ ಚಾಂದ್‌ಬೀಯ ಧ್ವನಿ ಬಂತು.

ಚಾಂದ್‌ಬೀ: ಅಮ್ಮಾ, ಅರಿವಿ ಸಿಕ್ಕಾವೇನ್ರೀ?

ಗುರುಲಿಂಗಮ್ಮ: ಸಿಕ್ಕಾವ! ಹೊಟ್ಟ್ಯಾಗ ಅದಾವ, ತಗದು ತರ್ತೀನಿ!



ಚಾಂದ್‌ಬೀ: ಯಾರ ಹೊಟ್ಟ್ಯಾಗ್ರೀ?

ಗುರುಲಿಂಗಮ್ಮ: ಆನಿ ಹೊಟ್ಟ್ಯಾಗ!

ಚಾಂದ್‌ಬೀ ನೀರು ಕಾಯಿಸುವ ಕೆಲಸಕ್ಕೆ ಮರಳಿದ ಸದ್ದು ಕೇಳಿತು. ಇಂಥ ಹೊತ್ತಿನಲ್ಲಿ ಮನೆಯವರ ತಲೆ ಕೆಡುವುದನ್ನು ಅವಳು ಬಹಳ ಕಂಡಿರಬೇಕು.

ನಾನು: ಅಮ್ಮಾ, ಒಂದ ಮಾತು. ನಾ ಈಗಿಂದೀಗ ಅಂಗಡಿಗೆ ಓಡಿಹೋಗಿ ಹೊಸಾ ಮಲಮಲ್ ಅರಿವಿ ತರ್ತೀನಿ. ಆನಿ ನನಗಿರ್ಲಿ.

ಗುರುಲಿಂಗಮ್ಮ: ಹಸುಗೂಸಿಗೆ ಹೊಸಾ ಅರಿವಿ ಹಾಕ್ತಾರೇನ್ರೀ? ನಿಮಗ ಲಗ್ನ ಆಗಿಲ್ಲೇನು?

ನಾನು: ಇಲ್ರೀ.

ಗುರುಲಿಂಗಮ್ಮ: ಯಾಕ ಆಗಿಲ್ಲ ಅಂತ ಈಗ ತಿಳೀತು. ಆ ಗಂಟಿನಾಗ ನಮ್ಮತ್ತಿ ಸೀರಿ ಐತಿ. ತೊಂಬತ್ತು ವರ್ಷ ಗಟ್ಟಿ ಬಾಳಿದಾಕಿ. ಮೊದಲ ಆಕಿ ಸೀರ್ಯಾಗ ಸುತ್ತಿದ್ರ ಆಕಿ ಆಯುಷ್ಯ ಕೂಸಿಗೂ ಬರ್ತದ. ನಿಮ್ಮ ಮಲಮಲ್‌ಗೆ ಎಷ್ಟು ವರ್ಷ ಆಗ್ಯಾವ?

ನಾನು: ಹೋದ ವಾರ ಬಂದೈತಂತ್ರೀ ಅಂಗಡಿಗೆ.

ಉತ್ತರ ಸರಿಯಾಗಿಯೇ ಇತ್ತು. ಆದರೆ ಉಪಯೋಗಕ್ಕೆ ಬರಲಿಲ್ಲ. ಸಿಟ್ಟನ್ನು ಯಾರ ಮೇಲಾದರೂ ತೀರಿಸಿಕೊಳ್ಳಬೇಕಲ್ಲ, ಶೇಖರಮ್ಮನ ಕಡೆ ತಿರುಗಿದೆ.

ನಾನು: ಏ ಶೇಖರಮ್ಮಾ, ಕೆಲಸಕ್ಕ ಬಾರದ ಸಾಮಾನ ತಾ ಅಂದ್ರ ಇದನ್ನ ಯಾಕ ತಂದಿ?

ಶೇಖರಮ್ಮ: ಮೂರು ತಿಂಗಳಿಂದ ಯಾರೂ ಬಿಚ್ಚಿದ್ದಿಲ್ರೀ ಮಾಸ್ತರ. ಎಲ್ಲಾರ್ಕಿಂತ ಚೊಲೋ ಸಾಮಾನ ತಂದಾಳ ಅಂತ ನೀವ ನನ್ನ ಮುಂದಿನ ಸಾಲಿನ್ಯಾಗ ಕುಂಡ್ರಿಸಿದ್ರಿ.

ಗುರುಲಿಂಗಮ್ಮ: ಕೇಳಿದ್ರಿ? ಕೂಸಿಗೆ ಬೈಬ್ಯಾಡ್ರಿ. ಕತ್ತರಿ ತರ್ರಿ.

ನಾನು: ಹಂಗಾರ ಬಾಲ ತಗೊಳ್ರಿ. ಬಾಲದಾಗ ಕೂಸಿನ ತಲಿಗೆ ಒಂದು ಕುಂಚಗಿ ಆಗುವಷ್ಟು ಅರಿವಿ ಐತಿ.

ಗುರುಲಿಂಗಮ್ಮ: ಬಾಲ ಸುತ್ತಿಕೊಂಡು ಹುಟ್ಟಬೇಕೇನು ನನ್ನ ಮೊಮ್ಮಗಾ? ಸೊಂಡಿಲ ತರ್ರಿ ಇಲ್ಲಿ.

ನಾನು: ಸೊಂಡಿಲ ಬ್ಯಾಡ್ರೀ! ಸೊಂಡಿಲ ಹೋದ್ರ ಎಮ್ಮಿ ಆಗ್ತದ.

ಗುರುಲಿಂಗಮ್ಮ: ಎಮ್ಮಿ ಆದ್ರ ಹಾಲರ ಕೊಡ್ತದ. ನಮ್ಮತ್ತಿ ಎಲ್ಲಿದಾಳ?

ನಾನು: ಹೊಟ್ಟ್ಯಾಗ್ರೀ. ನಡುವ.

ಗುರುಲಿಂಗಮ್ಮ: ಅಲ್ರೀ ಮಾಸ್ತರ, ನಾವು ಬುಟ್ಟಿ ಮಾಡುವಾಗ ಗಡಿಗಿ ಮ್ಯಾಲ ಕಾಗದ ಮೆತ್ತತೀವಿ, ಒಣಗಿದಮ್ಯಾಲ ಗಡಿಗಿ ತಗೀತೀವಿ. ನೀವು ಒಳಗಿಂದು ತಗೀದ ಹಂಗ ಬಿಟ್ಟೀರಿ. ಗಡಿಗಿ ಸಮೇತ ಬುಟ್ಟಿ ಯಾರರ ತಗೋತಾರೇನು?

ನಾನು: ನನಗದು ಗೊತ್ತಿದ್ದಿಲ್ರೀ. ಈಗ ಗೊತ್ತಾದ್ರೂ ಉಪಯೋಗಿಲ್ಲ. ಮೆತ್ತಿ ಮೂರ ದಿನ ಆಗೈತಿ, ಇನ್ನೂ ಹಸಿ ಐತಿ. ಒಳಗಿಂದು ತಗದ್ರ ಆನಿ ಬೀಳ್ತದ. ಆನಿ ಬಿದ್ರ ನಾನೂ ಬಿದ್ದೆ.

ಗುರುಲಿಂಗಮ್ಮ: ನೀವು ಬಿದ್ರ ಎದ್ದೇಳ್ತೀರಿ. ಆ ಕೂಸು ಬೀಳೋದು ಬರೀ ಕಂಬಳಿ ಮ್ಯಾಲ.

ಕೂಸು ಬರೀ ಕಂಬಳಿಯ ಮೇಲೆ ಬಿದ್ದರೆ ಏನು ಮಾಡತಕ್ಕದ್ದೆಂದು ಸುತ್ತೋಲೆಯಲ್ಲಿ ಬರೆದಿರಲಿಲ್ಲ. ಕತ್ತರಿ ತಂದುಕೊಟ್ಟೆ. ಅವರು ಹೊಟ್ಟೆ ಸೀಳುವಾಗ ಆನೆ ಅಲುಗಾಡದಂತೆ ನಾನೇ ಬಾಲ ಹಿಡಿದು ನಿಂತೆ. ಹದವಾಗಿ ಸವೆದ, ಬಣ್ಣ ಹೋದ ಸೀರೆ ಒಂದೊಂದೇ ಮಡಿಕೆಯಾಗಿ ಹೊರಗೆ ಬಂತು. ಅದರ ಹಿಂದೆ ಹಳೆಯ ಧೋತರದ ತುಂಡುಗಳು. ಎಲ್ಲವನ್ನೂ ಎದೆಗೆ ಅವುಚಿಕೊಂಡು ಶೇಖರಮ್ಮ ಮನೆಗೆ ಓಡಿದಳು. ನನ್ನ ಆನೆ ಮೊದಲು ಮುಂಗಾಲು ಮಡಚಿತು. ಆಮೇಲೆ ಹಿಂಗಾಲು. ಆಮೇಲೆ ನಿಧಾನವಾಗಿ, ಬಹಳ ಮರ್ಯಾದೆಯಿಂದ, ನೆಲಕ್ಕೆ ಕುಳಿತುಬಿಟ್ಟಿತು.

ಅದೇ ಹೊತ್ತಿಗೆ ಇನ್‌ಸ್ಪೆಕ್ಟರ್ ಅಲ್ಲಾಭಕ್ಷ್ ಸಾಹೇಬರು ಒಳಗೆ ಬಂದರು.

ಅಲ್ಲಾಭಕ್ಷ್: ಮಾಸ್ತರ್, ಇದು ಏನದ?

ನಾನು: ಆನಿ, ಸಾಹೇಬ್ರ.

ಅಲ್ಲಾಭಕ್ಷ್: ಕುಂತದಲ್ಲ?

ನಾನು: ತಮಗ ಸಲಾಮ್ ಮಾಡಾಕತ್ತೈತ್ರೀ.

ಅಲ್ಲಾಭಕ್ಷ್: ಹೊಟ್ಟಿ ಯಾಕ ಹರದದ?

ಸಲಾಮು ಮಾಡುವಾಗ ಹೊಟ್ಟೆ ಹರಿಯುವುದಕ್ಕೆ ಕಾರಣ ಹುಡುಕುತ್ತ ನಾನು ಬಾಯಿ ತೆರೆದೆ. ಗುರುಲಿಂಗಮ್ಮ ನಡುವೆ ಬಂದರು.

ಗುರುಲಿಂಗಮ್ಮ: ನಾ ಹರದೀನ್ರೀ ಸಾಹೇಬ್ರ. ಮಾಸ್ತರದೇನೂ ತಪ್ಪಿಲ್ಲ. ಪಾಪ, ಬಾಲ ಹಿಡ್ಕೊಂಡು ನಿಂತಿದ್ರು.

ಅಲ್ಲಾಭಕ್ಷ್: ಯಾಕ ಹರದ್ರಿ ಅಮ್ಮಾ?

ಗುರುಲಿಂಗಮ್ಮ: ನನ್ನ ಮಗಳು ಹಡ್ಯಾಕತ್ತಾಳ.

ಸಾಹೇಬರು ಆನೆಯನ್ನು ನೋಡಿದರು. ಗುರುಲಿಂಗಮ್ಮನನ್ನು ನೋಡಿದರು. ಈ ಎರಡಕ್ಕೂ ಏನು ಸಂಬಂಧವೆಂದು ತಿಳಿಯದೆ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಊರಲ್ಲಿ ರದ್ದಿ ಕಾಗದವೂ ಸಿಗದ್ದರಿಂದ ಹಿಡಿದು ಗಂಟಿನ ಕಥೆಯನ್ನೆಲ್ಲ ನಾನು ಹೇಳಿ ಮುಗಿಸುವಷ್ಟರಲ್ಲಿ ಗೋಡೆಯಾಚೆ ಕೂಸಿನ ಅಳು ಕೇಳಿತು.

ಚಾಂದ್‌ಬೀ: ಹೆಣ್ಣುಕೂಸು, ಅಮ್ಮಾ! ಮುತ್ತಜ್ಜಿ ಸೀರ್ಯಾಗ ಸುತ್ತೀನಿ! ಇಬ್ಬರೂ ಆರಾಮ ಅದಾರ!

ಗುರುಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಹೇಬರ ಮುಖವೂ ಮೆತ್ತಗಾಯಿತು. ಕಾಯಂ ಆಗಲು ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲವೆಂದು ನಾನು ಕುರ್ಚಿ ಒರೆಸಿ ಅವರ ಮುಂದಿಟ್ಟೆ. ಅವರು ಕುಳಿತು ಪುಸ್ತಕ ತೆರೆದರು.

ಅಲ್ಲಾಭಕ್ಷ್: ವರದಿ ಬರೀಬೇಕಲ್ಲ ಮಾಸ್ತರ್. ಅರಿವಿ ಅಂತೂ ಉಪಯೋಗದ್ದೇ ಆತು. ಹಂಗಾದ್ರ ಈ ಆನಿಯಾಗ ಉಪಯೋಗ ಇಲ್ಲದ ಸಾಮಾನು ಯಾವುದು?

ನಾನು: ಕಾಗದ, ಸಾಹೇಬ್ರ.

ಅಲ್ಲಾಭಕ್ಷ್: ಊರಾಗ ಕಾಗದ ಸಿಗೋದಿಲ್ಲ ಅಂದ್ರಿ. ಎಲ್ಲಿಂದು?

ನಾನು: ಇಲಾಖೆ ಹಳೇ ಸುತ್ತೋಲೆಗಳ್ರೀ.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಸಾಹೇಬರ ಲೇಖನಿ ನಿಂತಿತು. ಅವರು ನನ್ನನ್ನು ಕೇಳುವುದನ್ನು ಬಿಟ್ಟು, ಮನೆಯ ಕಡೆ ಹೊರಟಿದ್ದ ಗುರುಲಿಂಗಮ್ಮನನ್ನು ಕರೆದರು.

ಅಲ್ಲಾಭಕ್ಷ್: ಅಮ್ಮಾ, ನೀವು ಹಿರೇರು, ಸಾಲಿಗೆ ನೆರಿಯವರು. ಇವರ ಎದುರಿಗೇ ಖರೇ ಹೇಳಿಬಿಡ್ರಿ. ಈ ಮಾಸ್ತರನ್ನ ಕಾಯಂ ಮಾಡಲೋ, ಬ್ಯಾಡೋ?

ನಾನು ಗುರುಲಿಂಗಮ್ಮನ ಕಡೆ ನೋಡಿದೆ. ಕತ್ತರಿ ಕೊಟ್ಟವನು ನಾನು, ಬಾಲ ಹಿಡಿದವನು ನಾನು. ಅವರೂ ನನ್ನನ್ನು ನೋಡಿದರು. ಬಹಳ ಕರುಣೆಯಿಂದ ನೋಡಿದರು.

ಗುರುಲಿಂಗಮ್ಮ: ಮಾಡ್ರಿ ಸಾಹೇಬ್ರ, ಪಾಪ. ಸಿಂಧನೂರ ಸಾಲ್ಯಾಗ ಮಾಡ್ರಿ.